ಒಬ್ಬರೇ ಓದಬಹುದಾದ ಪುಸ್ತಕ

ಗಂಟಲನ್ನು ಉದ್ದಕ್ಕೆ ಸೀಳಿ ತೋರಿಸಿದ ಆ ಚಿತ್ರ ತಿಳಿಗುಲಾಬಿ ಬಣ್ಣದ್ದು. ಸೀಳಿದ್ದೆಂದು ಅನ್ನಿಸದಷ್ಟು ಚೊಕ್ಕಟವಾಗಿತ್ತು. ಅದನ್ನು ನೋಡುತ್ತ ರೇಣುವಿಗೆ ಬೇಕರಿಯ ಗಾಜಿನೊಳಗಿನ ಕೇಕು ನೆನಪಾಗಿ, ನೆನಪಾದದ್ದಕ್ಕೇ ನಾಚಿಕೆಯಾಯಿತು. ಮೂಗು, ನಾಲಗೆ, ಅದರ ಹಿಂದೆ ಕೆಳಗಿಳಿಯುವ ಎರಡು ದಾರಿ, ಒಂದು ಅನ್ನಕ್ಕೆ, ಒಂದು ಗಾಳಿಗೆ. ಗಾಳಿಯ ದಾರಿಯ ಬಾಯಲ್ಲಿ ದನಿಯ ಪುಟ್ಟ ಪೆಟ್ಟಿಗೆ. ಪಕ್ಕದ ಚಿತ್ರದಲ್ಲಿ ಆ ಪೆಟ್ಟಿಗೆ ಇರಲಿಲ್ಲ. ಗಾಳಿಯ ದಾರಿ ಬಾಗಿ ಕುತ್ತಿಗೆಯ ಮುಂಭಾಗಕ್ಕೆ ಬಂದು ಒಂದು ತೂತಾಗಿ ತೆರೆದುಕೊಂಡಿತ್ತು. ಗ್ರಂಥಾಲಯದ ನೆಲಮಾಳಿಗೆಯಲ್ಲಿ, ಹಳೆಯ ಜರ್ನಲ್‌ಗಳ ದಪ್ಪ ಬೈಂಡುಗಳಿಗೂ ಗೋಡೆಗೂ ನಡುವೆ ಉಳಿದ ಜಾಗದಲ್ಲಿ ಅವಳ ಮೇಜು. ಬೆಳಿಗ್ಗೆ ಬಂದಾಗಿನಿಂದ ಕಂಪ್ಯೂಟರಿನಲ್ಲಿ ಈ ಒಂದು ಅಧ್ಯಾಯವನ್ನು ತೆರೆದಿಟ್ಟುಕೊಂಡು ಕುಳಿತಿದ್ದಳು. ಓದುತ್ತಿದ್ದಳು ಎನ್ನುವಂತಿರಲಿಲ್ಲ. ಒಂದು ವಾಕ್ಯ ಓದಿ, ಅದರಿಂದ ಹಿಂದೆ ಸರಿದು, ಚಿತ್ರಕ್ಕೆ ಹೋಗಿ, ಮತ್ತೆ ಅದೇ ವಾಕ್ಯಕ್ಕೆ ಬರುತ್ತಿದ್ದಳು. ನಾಳೆ ಬೆಳಿಗ್ಗೆ ಅಪ್ಪ ಆಸ್ಪತ್ರೆ ಸೇರಬೇಕು. ಆ ಪೆಟ್ಟಿಗೆಯನ್ನು ತೆಗೆಯುತ್ತಾರೆ. ಅಪ್ಪ ಒಪ್ಪಿದ್ದಾನೆ. ಒಪ್ಪಿದ್ದು ಅವಳ ಮಾತಿನ ಮೇಲೆ.

ಅವಳ ಕೆಲಸಕ್ಕೆ ಕೋರ್ಸ್ ಕಟ್ಟುವುದು ಎಂದು ಹೆಸರು. ಕೆಲಸದಲ್ಲಿರುವ ನರ್ಸ್‌ಗಳಿಗಾಗಿ ಕಾಲೇಜು ಆನ್‌ಲೈನ್ ಕೋರ್ಸ್‌ಗಳನ್ನು ಶುರುಮಾಡಿತ್ತು. ಯಾರೂ ಪುಸ್ತಕ ಕೊಳ್ಳಬೇಕಾಗಬಾರದು, ಎಲ್ಲವೂ ಗ್ರಂಥಾಲಯ ಈಗಾಗಲೇ ಚಂದಾ ಕಟ್ಟಿರುವ ಪುಸ್ತಕ, ವಿಡಿಯೊ, ಚಿತ್ರಗಳಿಂದಲೇ ಆಗಬೇಕು ಎಂಬುದು ಮೇಲಿನವರ ಆಸೆ. ಪಾಠ ಹೇಳುವವರು ಪೂರ್ವಾ ಮೇಡಂ. ಅವರು ಪಾಠದ ಹೆಸರು ಕಳಿಸಿದರೆ ಅದಕ್ಕೆ ಹೊಂದುವ ಅಧ್ಯಾಯ ಹುಡುಕಿ, ಅದರ ಕೊಂಡಿಯನ್ನು ಕೋರ್ಸ್‌ಗೆ ಅಂಟಿಸುವವಳು ರೇಣು. ಗಾಯದ ಆರೈಕೆ, ಮೂತ್ರದ ನಳಿಕೆ, ಸಾಯುವವರ ಮನೆಯವರೊಡನೆ ಮಾತು. ಎಲ್ಲವನ್ನೂ ಓದುತ್ತ ಕೂರಲು ಸಮಯವಿಲ್ಲ, ಓದಬೇಕೆಂದು ಯಾರೂ ಹೇಳಿಯೂ ಇಲ್ಲ. ಪ್ರತಿ ಅಧ್ಯಾಯದ ನೆತ್ತಿಯಲ್ಲಿ ಬೂದು ಚೌಕದೊಳಗೆ ಸಾರಾಂಶವಿರುತ್ತದೆ. ಅದನ್ನು ಓದುವುದು, ಹೊಂದುತ್ತದೆ ಅನ್ನಿಸಿದರೆ ಅಂಟಿಸುವುದು, ಮುಂದಕ್ಕೆ ಹೋಗುವುದು. ಹೀಗೆ ಅವಳು ಸಾರಾಂಶಗಳಲ್ಲೇ ಮನುಷ್ಯನ ದೇಹವನ್ನು ಅಡಿಯಿಂದ ಮುಡಿಯವರೆಗೆ ದಾಟಿದ್ದಳು. ಮನೆಯಲ್ಲಿ ಇದು ಬೇರೆ ರೂಪ ತಾಳಿತ್ತು. ಮಾರ್ಕೆಟ್ ಯಾರ್ಡಿನ ಉಳ್ಳಾಗಡ್ಡಿ ವಿಭಾಗದಲ್ಲಿ ಹರಾಜಿನ ಸವಾಲು ಕೂಗುವ ಅಪ್ಪ ಅಲ್ಲಿನ ಅಡತಿ ಅಂಗಡಿಯ ದಲ್ಲಾಳಿಗಳಿಗೆಲ್ಲ ಹೇಳಿಕೊಂಡಿದ್ದ: ನನ್ನ ಮಗಳು ಡಾಕ್ಟರ್‌ಗಳಿಗೆ ಪಾಠ ಬರೀತಾಳ. ಹಾಗಲ್ಲಪ್ಪಾ ಎಂದು ಅವಳು ಒಮ್ಮೆ ತಿದ್ದಲು ಹೋದಳು. ತಿದ್ದಲು ಬಹಳ ಮಾತು ಬೇಕಿತ್ತು. ಬಿಟ್ಟಳು. ಬಿಟ್ಟದ್ದರಲ್ಲಿ ಒಂದು ಸಣ್ಣ ಸುಖವೂ ಇತ್ತು ಎಂಬುದು ಈಗ, ಈ ಗುಲಾಬಿ ಗಂಟಲಿನ ಎದುರು, ಹೇಸಿಗೆಯಂತೆ ಕಾಣತೊಡಗಿತ್ತು.

ಅಪ್ಪ ಒಪ್ಪಿದ ದಿನ, ಆಸ್ಪತ್ರೆಯ ಹೊರಗಿನ ಚಹಾದ ಗಾಡಿ. ಗಾಜಿನ ಲೋಟ ಬಿಸಿಯಾಗಿತ್ತು, ಅಪ್ಪ ಅದನ್ನು ಹೆಗಲಿನ ರುಮಾಲಿನ ತುದಿಯಿಂದ ಹಿಡಿದಿದ್ದ. ಒಳಗೆ ಸರ್ಜನ್ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದ್ದರು, ಬೇಗಬೇಗ, ಬಾಗಿಲ ಕಡೆ ನೋಡುತ್ತ. ಮಾತಿಗೂ ವ್ಯವಸ್ಥೆ ಇದೆ, ಆಪರೇಷನ್ ಆದಮೇಲೆ ಒಬ್ಬ ಮೇಡಂ ಬಂದು ಕಲಿಸುತ್ತಾರೆ ಎಂದಿದ್ದರು. ಅಪ್ಪನಿಗೆ ಮರಾಠಿ ಕನ್ನಡದಷ್ಟೇ ಸಲೀಸು. ಆದರೂ ಹೊರಗೆ ಬಂದು, ಕುಡಿಯದೆ ಲೋಟ ಹಿಡಿದುಕೊಂಡೇ, ತಿಂಗಳುಗಳಿಂದ ಒಡೆದುಹೋಗಿದ್ದ ದನಿಯಲ್ಲಿ ಕೇಳಿದ: "ವ್ಯವಸ್ಥಾ ಅಂದ್ರ ಏನವಾ? ನೀ ಹೇಳು. ದನಿ ಬರ್ತದೋ ಇಲ್ಲೋ?" ಅವಳಿಗೆ ಬೂದು ಚೌಕ ನೆನಪಿತ್ತು. ಈ ಪಾಠವನ್ನು ಅವಳೇ ಕಟ್ಟಿದ್ದಳು, ಅಪ್ಪನ ದನಿ ಇನ್ನೂ ನೆಟ್ಟಗಿದ್ದಾಗ. ಹೆಚ್ಚಿನ ರೋಗಿಗಳಲ್ಲಿ ಮಾತಿನ ಪುನರ್ವಸತಿ ಸಾಧ್ಯ ಎಂದಿತ್ತು ಸಾರಾಂಶ. "ಬರ್ತದಪ್ಪಾ," ಎಂದಳು, "ಪುಸ್ತಕದಾಗ ಅದ." ಅಪ್ಪ ಚಹಾ ಕುಡಿದ. ಕುಡಿಯುವಾಗ ಅವನ ಕುತ್ತಿಗೆ ಮೇಲೆ ಕೆಳಗೆ ಆಡುವುದನ್ನು ನೋಡಬಾರದೆಂದು ರಸ್ತೆ ನೋಡಿದಳು. "ಹಂಗಿದ್ರ ಕೊಯ್ಯಲಿ," ಎಂದ ಅಪ್ಪ. ಅದಕ್ಕೂ ಮುಂಚೆ, ಮನೆಯಲ್ಲಿ, ಅವ್ವ ಕಣ್ಣೀರು ಹಾಕಿದರೂ, ಹಿರಿಯರು ಬಂದು ಹೇಳಿದರೂ, ಅವನು ಒಪ್ಪಿರಲಿಲ್ಲ. ದನಿ ಇಲ್ಲದ ಸವಾಲಿನವ ಎದಕ್ಕ ಬೇಕು, ಹಿಂಗ ಹೋಗ್ಲಿ ಬಿಡು, ಎಂದು ಗೋಡೆ ಕಡೆ ಮುಖ ಮಾಡಿದ್ದ.

ಈಗ ಅವಳು ಬೂದು ಚೌಕದಿಂದ ಕೆಳಗಿನ ಪುಟಗಳಿಗೆ ಇಳಿದಿದ್ದಳು. ಕೆಳಗೆ ಬೇರೆಯೇ ಊರಿತ್ತು. ಬಾಯಿಂದ ಉಸಿರು ಬರುವುದಿಲ್ಲ. ಊದಲಾಗುವುದಿಲ್ಲ, ವಾಸನೆ ಮಂಕಾಗುತ್ತದೆ. ಮಾತು ಬರಬಹುದು, ಕುತ್ತಿಗೆಗೆ ಒತ್ತಿ ಹಿಡಿಯುವ ಯಂತ್ರದ ಗುಂಯ್‌ಗುಡುವ ಮಾತು, ಅಥವಾ ತೂತನ್ನು ಬೆರಳಲ್ಲಿ ಮುಚ್ಚಿ ಒಳಗಿನ ಪುಟ್ಟ ಕವಾಟದ ಮೂಲಕ ತರುವ ತಗ್ಗಿದ, ಗೊಗ್ಗರು ಮಾತು. ರೋಗಿಯು ಮೊದಲಿನ ತನ್ನ ದನಿಯನ್ನು ಮತ್ತೆ ಪಡೆಯುವುದಿಲ್ಲ. ಗದ್ದಲದ ಜಾಗಗಳಲ್ಲಿ ಕೇಳಿಸುವುದು ಕಷ್ಟ. ಕೂಗಲಾಗುವುದಿಲ್ಲ. ಅದರ ಮುಂದಿನ ವಾಕ್ಯವನ್ನು ಅವಳು ಬೆಳಿಗ್ಗೆಯಿಂದ ದಾಟಲಾರದೆ ಒದ್ದಾಡುತ್ತಿದ್ದಳು: ಅನೇಕರು ತಮ್ಮ ನಗುವಿನ ಮತ್ತು ಅಳುವಿನ ಸದ್ದನ್ನು ಕಳೆದುಕೊಂಡದ್ದೇ ಎಲ್ಲಕ್ಕಿಂತ ದೊಡ್ಡ ನಷ್ಟವೆಂದು ಹೇಳುತ್ತಾರೆ. ಅಪ್ಪ ನಕ್ಕರೆ ಚಾಳಿನ ಕೆಳಗಿನ ಮನೆಯವರು ಕಿಟಕಿಯಿಂದ ತಲೆ ಹೊರಹಾಕಿ ಏನಾಯಿತೆಂದು ಕೇಳುತ್ತಿದ್ದರು. ಅಪ್ಪ ಅತ್ತದ್ದನ್ನು ಅವಳು ಕಂಡಿರಲಿಲ್ಲ. ಮುಂದೆ ಅತ್ತರೂ ಗೊತ್ತಾಗುವುದಿಲ್ಲ, ಪಕ್ಕದ ಕೋಣೆಯಲ್ಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ಪುಟದ ಅಂಚಿನಲ್ಲಿ ನರ್ಸ್‌ಗಳಿಗೆಂದು ನೀಲಿ ಚೌಕವಿತ್ತು. ರೋಗಿಯು ಹೇಳಿ ಮುಗಿಸುವವರೆಗೆ ಕಾಯಿರಿ. ಅವರ ಪರವಾಗಿ ನೀವೇ ವಾಕ್ಯ ಮುಗಿಸಬೇಡಿ. ಅಪ್ಪನ ದನಿ ಒಡೆದಾಗಿನಿಂದ ಬಂದವರಿಗೆಲ್ಲ ಅವನ ಅರ್ಧ ಮಾತನ್ನು ಮುಗಿಸಿ ಕೊಡುತ್ತಿದ್ದವಳು ರೇಣುವೇ. ಬಾಯಿಬಿಡಲು ಹೆದರುವ ಹುಡುಗಿ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಿದ್ದವಳಿಗೆ, ಅಪ್ಪನ ಪರವಾಗಿ ಮಾತಾಡುವಾಗ ಮಾತು ಎಷ್ಟು ಸರಾಗವಾಗಿ ಬರುತ್ತಿತ್ತು.

ಮೇಜಿನ ಫೋನು ರಿಂಗಾಯಿತು. ಪೂರ್ವಾ ಮೇಡಂ, ಮರಾಠಿಯಲ್ಲಿ. ನಾಳೆ ಗಂಟಲಿನ ಪಾಠದ ಟೆಸ್ಟು, ಹುಡುಗಿಯರಿಗೆ ಅಧ್ಯಾಯ ತೆರೆಯುತ್ತಲೇ ಇಲ್ಲವಂತೆ, ಒಬ್ಬಳಲ್ಲ, ಬೆಳಿಗ್ಗೆಯಿಂದ ಎಲ್ಲರೂ ಮೆಸೇಜು ಹಾಕುತ್ತಿದ್ದಾರೆ, ಏನದು ನೋಡು. ರೇಣುವಿನ ಬಾಯಿಂದ ತಾನೇ ತಾನಾಗಿ ಬಂತು, "ಸರ್ವರ್ ಪ್ರಾಬ್ಲೆಮ್ ಮೇಡಂ." ಆ ಪುಸ್ತಕವನ್ನು ಗ್ರಂಥಾಲಯ ಅಗ್ಗದ ಶರತ್ತಿನಲ್ಲಿ ಕೊಂಡಿತ್ತು: ಒಂದು ಸಲಕ್ಕೆ ಒಬ್ಬರೇ ಓದಬಹುದು. ಒಬ್ಬರು ತೆರೆದಿದ್ದರೆ ಉಳಿದವರಿಗೆಲ್ಲ ಒಂದೇ ಸಾಲು ಕಾಣುತ್ತದೆ, ಪುಸ್ತಕ ಬಳಕೆಯಲ್ಲಿದೆ, ಸ್ವಲ್ಪ ಹೊತ್ತಿನ ನಂತರ ಪ್ರಯತ್ನಿಸಿ. ಇಳಿಸಿಕೊಳ್ಳಲೂ ಬರುವುದಿಲ್ಲ, ಮುದ್ರಿಸಲೂ ಬರುವುದಿಲ್ಲ. ಪುಟ ಅಲುಗಾಡದಿದ್ದರೆ ಅದು ತಾನಾಗಿ ಮುಚ್ಚಿಕೊಂಡು ಕಾಯುತ್ತಿರುವವರಿಗೆ ಹೋಗಿಬಿಡುತ್ತದೆಂದು ಅವಳು ಮಧ್ಯೆ ಮಧ್ಯೆ ಪುಟ ಸರಿಸುತ್ತಿದ್ದಳು, ಊಟಕ್ಕೂ ಎದ್ದಿರಲಿಲ್ಲ, ಡಬ್ಬಿಯನ್ನು ಕೀಲಿಮಣೆಯ ಪಕ್ಕವೇ ತೆರೆದು ರೊಟ್ಟಿ ಮುರಿದಿದ್ದಳು. ಒಮ್ಮೆ ಬಿಟ್ಟರೆ ಮತ್ತೆ ಸಿಗುವುದಿಲ್ಲ. ಫೋನು ಇಟ್ಟಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. ಈ ಕೋರ್ಸಿನ ನರ್ಸ್‌ಗಳಲ್ಲಿ ಅರ್ಧಕ್ಕರ್ಧ ಜನ ಕೆಲಸ ಮಾಡುವುದು ಅಪ್ಪ ಸೇರಲಿರುವ ಆಸ್ಪತ್ರೆಯಲ್ಲೇ. ಅಪ್ಪನ ಕುತ್ತಿಗೆಯ ತೂತನ್ನು ಒರೆಸಬೇಕಾದವಳು, ಕಫ ಕಟ್ಟಿ ಅವನು ಕೈ ಬಡಿದಾಗ ಓಡಿಬರಬೇಕಾದವಳು, ಈಗ ಎಲ್ಲೋ ಡ್ಯೂಟಿ ಮುಗಿಸಿ ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ಬಾರಿಬಾರಿಗೂ ಆ ಸಾಲನ್ನೇ ನೋಡುತ್ತಿರಬಹುದು. ಬಿಡಬೇಕು ಅಂದುಕೊಂಡಳು. ಇನ್ನೊಂದೇ ಪುಟ. ಮುಂದಿನ ಶೀರ್ಷಿಕೆ, ಆಯುಷ್ಯ ಮತ್ತು ಮುನ್ಸೂಚನೆ. ಕೊಯ್ಯಿಸಿಕೊಂಡವರು ಎಷ್ಟು ವರ್ಷ, ಕೊಯ್ಯಿಸಿಕೊಳ್ಳದವರು ಎಷ್ಟು. ಕೆಳಗೆ ಒಂದು ಕೋಷ್ಟಕದ ಮೇಲಂಚು ಮಾತ್ರ ಕಾಣುತ್ತಿತ್ತು.

"ಎಂಥ ರೇಣು, ನೀನೇ ಹಿಡ್ಕೊಂಡು ಕೂತದ್ದಾ?"

ಹರಿಣಾಕ್ಷಿ ಮೇಡಂ ಯಾವಾಗ ಮೆಟ್ಟಿಲಿಳಿದು ಬಂದರೋ. ಗ್ರಂಥಾಲಯದ ಮುಖ್ಯಸ್ಥೆ, ಕುಂದಾಪುರದ ಕಡೆಯವರು, ಕೋಥರೂಡದಲ್ಲಿ ಗಂಡನ ಮನೆಯವರದು ಹೋಟೆಲು. ಇಬ್ಬರೇ ಇದ್ದಾಗ ಕನ್ನಡ. ಅವರ ಕನ್ನಡದೆದುರು ರೇಣುವಿಗೆ ತನ್ನದು ಗೋಣಿಚೀಲದಂತೆ ಕಾಣುತ್ತಿತ್ತು, ಅವರಿಗೆ ಹಾಗೆ ಅನ್ನಿಸುತ್ತಿತ್ತೋ ಇಲ್ಲವೋ. "ಮೇಲೆ ನನ್ನ ಪ್ಯಾನೆಲ್‌ನಲ್ಲಿ ಕಾಣ್ತದೆ, ಯಾವ ಮೆಷಿನ್‌ನಲ್ಲಿ ಓಪನ್ ಉಂಟು ಅಂತ. ನಾನು ಪಬ್ಲಿಷರ್‌ಗೆ ಮೇಲ್ ಹಾಕಿ, ಜಗಳ ಮಾಡಿ, ಅವನು ಹೇಳ್ತಾನೆ, ಮೇಡಂ, ನಿಮ್ಮ ಪ್ಯಾನೆಲ್ ನೋಡಿ. ನೋಡಿದ್ರೆ ನಮ್ಮದೇ ನೆಲಮಾಳಿಗೆ."

"ಚೆಕ್ ಮಾಡ್ಲಿಕ್ಕತ್ತಿದ್ನಿರಿ ಮೇಡಂ."

"ಬೆಳಿಗ್ಗೆಯಿಂದ ಚೆಕ್ ಮಾಡುವಂಥದ್ದು ಎಂಥ ಉಂಟು ಅದ್ರಲ್ಲಿ? ಒಂದು ಗಂಟಲು." ಅವರು ಬೈಯುವ ದನಿಯಲ್ಲಿ ಹೇಳಲಿಲ್ಲ, ಅದೇ ಕಷ್ಟ. ಮೇಜಿನ ಮೇಲಿದ್ದ ತೆರೆದ ಡಬ್ಬಿ, ಅರ್ಧ ರೊಟ್ಟಿ, ಎಲ್ಲವನ್ನೂ ನೋಡಿದರು. "ನಮ್ಮ ಹೋಟೆಲ್‌ಗೆ ಒಬ್ಬರು ಬರ್ತಾರೆ ಮಾರಾಯ್ತಿ, ಒಂದು ಚಾ ತಗೊಂಡು ಫ್ಯಾಮಿಲಿ ಟೇಬಲ್ ಹಿಡಿದು ಮಧ್ಯಾಹ್ನದವರೆಗೆ ಕೂರ್ತಾರೆ. ಬಾಗಿಲಲ್ಲಿ ಜನ ನಿಂತಿರ್ತಾರೆ. ಏಳಿ ಅಂತ ಹೇಳ್ಲಿಕ್ಕೂ ಆಗುದಿಲ್ಲ, ಚಾ ಇನ್ನೂ ಉಂಟು ಅಂತಾರೆ. ನಿನ್ನದು ಹಾಗೇ ಆಯ್ತು."

ಹೇಳಿಬಿಡಬಹುದಿತ್ತು. ನಮ್ಮಪ್ಪಗ ನಾಳೆ ಇದೇ ಆಪರೇಷನ್ ಅದರಿ ಮೇಡಂ. ಒಂದೇ ವಾಕ್ಯ. ಹೇಳಿದ ಕೂಡಲೇ ಅವರ ಮುಖ ಬದಲಾಗುತ್ತದೆ, ಅಯ್ಯೋ ಎನ್ನುತ್ತಾರೆ, ಕುರ್ಚಿ ಎಳೆದು ಕೂರುತ್ತಾರೆ, ಆಮೇಲೆ ಅದು ಮೇಲಿನ ಕೌಂಟರಿಗೆ ಹೋಗುತ್ತದೆ, ಕೌಂಟರಿನಿಂದ ಪೂರ್ವಾ ಮೇಡಂಗೆ, ಅಲ್ಲಿಂದ ವಾರ್ಡಿಗೆ. ಅಪ್ಪ ಎಲ್ಲರ ಕಣ್ಣಲ್ಲಿ ಆ ಗುಲಾಬಿ ಚಿತ್ರವಾಗುತ್ತಾನೆ. ಅಷ್ಟೇ ಅಲ್ಲ. ಏಕೆ ಓದುತ್ತಿದ್ದೆ ಎಂದರೆ, ಓದದೆ ಏನು ಹೇಳಿದೆ ಎಂಬುದನ್ನೂ ಹೇಳಬೇಕಾಗುತ್ತದೆ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಹರಿಣಾಕ್ಷಿ ಮೇಡಂ ತಮ್ಮ ಮೊಬೈಲಿನಲ್ಲಿ ಪೂರ್ವಾ ಮೇಡಂಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ಸರ್ವರ್ ಏನೂ ಆಗಿಲ್ಲ, ನಮ್ಮ ಹುಡುಗಿಯೇ ತೆರೆದು ಮರೆತುಬಿಟ್ಟಿದ್ದಾಳೆ, ಸಾರಿ, ಎಂದರು. ಆ ಕಡೆಯಿಂದ ನಗು. "ಅಗ ರೇಣು, ಪರೀಕ್ಷಾ ತುಝಿ ಆಹೆ ಕಾ?" ಪರೀಕ್ಷೆ ನಿನ್ನದೇನೇ. ಹಿಂದೆ ಯಾರೋ ಹುಡುಗಿಯರೂ ನಕ್ಕದ್ದು ಕೇಳಿಸಿತು. ರೇಣುವೂ ನಕ್ಕಳು, ನಗಬೇಕೆಂದು ಗೊತ್ತಿದ್ದಂತೆ. "ಮುಚ್ಚು ಮತ್ತೆ," ಎಂದರು ಹರಿಣಾಕ್ಷಿ ಮೇಡಂ. ಕೋಷ್ಟಕದ ಮೇಲಂಚು ಒಂದು ಕ್ಷಣ ಕಂಡು ಹೋಯಿತು. ಮುಚ್ಚಿದ ಕೂಡಲೇ, ಆ ಕ್ಷಣಕ್ಕೇ, ಪುಸ್ತಕದ ಹೆಸರಿನ ಪಕ್ಕ ಕೆಂಪು ಚುಕ್ಕೆ ಬಂತು. ಬೇರೆ ಯಾರೋ ಒಳಗೆ ಹೋಗಿದ್ದರು.

ಸ್ವಾರಗೇಟಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಕ್ಕಿತು. ಹೇಳಬೇಕು. ಇವತ್ತು ಸಂಜೆ, ಅವನು ಉಣ್ಣುವ ಮುಂಚೆ. ಹೇಳಿದರೆ ಆಸ್ಪತ್ರೆಗೆ ಬರುವುದಿಲ್ಲ ಎನ್ನುತ್ತಾನೆ, ಗೋಡೆ ಕಡೆ ತಿರುಗುತ್ತಾನೆ, ಮತ್ತೆ ಯಾರು ಹೇಳಿದರೂ ತಿರುಗುವುದಿಲ್ಲ. ಒಳಗಿನ ಗಡ್ಡೆ ಬೆಳೆಯುತ್ತದೆ, ಉಸಿರು ಕಟ್ಟುತ್ತದೆ. ಆಗ ಅವನನ್ನು ಕೊಂದದ್ದು ಅವಳ ಸತ್ಯ. ಹೇಳದಿದ್ದರೆ ಎಚ್ಚರಾದಾಗ ಬಾಯಿ ತೆರೆಯುತ್ತಾನೆ, ಏನೂ ಬರುವುದಿಲ್ಲ, ಆಗ ಅವಳ ಕಡೆ ನೋಡುತ್ತಾನೆ. ಆ ನೋಟವನ್ನು ಅವಳು ಎಷ್ಟು ಸ್ಪಷ್ಟವಾಗಿ ಕಂಡಳೆಂದರೆ ಎದುರು ಸೀಟಿನ ಹೆಂಗಸು ಏನು ಬೇಕು ಎನ್ನುವಂತೆ ತಲೆಯೆತ್ತಿದಳು. ನಾಳೆ ಆಪರೇಷನ್ ಮುಗಿದಮೇಲೆ ಸರ್ಜನ್ ತಾವೇ ಹೇಳುತ್ತಾರೆ, ಮೇಡಂ ಬರುತ್ತಾರೆ, ಅವರ ಕೆಲಸ ಅದು, ನನ್ನದೇನು, ನಾನು ಕೊಂಡಿ ಅಂಟಿಸುವವಳು. ಹೀಗೆ ಅಂದುಕೊಂಡರೆ ಸ್ವಲ್ಪ ಹೊತ್ತು ಹಗುರಾಗುತ್ತಿತ್ತು, ಮುಂದಿನ ಸ್ಟಾಪಿನವರೆಗೆ. ಚಿಕ್ಕಂದಿನಲ್ಲಿ ಮನೆಗೆ ಯಾರು ಬಂದರೂ ಅವಳ ಬಾಯಿ ಕಟ್ಟಿಹೋಗುತ್ತಿತ್ತು. ಉಣ್ಣಲು ಕೂತರೆ ಇನ್ನೊಂದು ರೊಟ್ಟಿ ಬೇಕೆಂದು ಕೇಳಲಾಗದೆ ಹಸಿದೇ ಏಳುತ್ತಿದ್ದಳು. ಆಗ ಅಪ್ಪ ಒಂದು ಆಟ ಕಲಿಸಿದ. ಹಿಂದೆ ಬೆಲ್ಲದ, ಮೆಣಸಿನಕಾಯಿಯ ವ್ಯಾಪಾರಿಗಳು ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಕೊಡುವವನೂ ಕೊಳ್ಳುವವನೂ ರುಮಾಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಮಾತಾಡುತ್ತಿದ್ದರಂತೆ, ಸುತ್ತ ನಿಂತವರಿಗೆ ತಿಳಿಯದ ಹಾಗೆ. ಈಗ ಅದು ಬಂದಾಗಿದೆ, ಎಲ್ಲ ಕೂಗಿಯೇ ಆಗಬೇಕು. ಅದಕ್ಕೇ ನನಗೆ ಅನ್ನ ಸಿಕ್ಕದ ಎನ್ನುತ್ತಿದ್ದ ಅಪ್ಪ. ಪಂಕ್ತಿಯಲ್ಲಿ ಅವಳ ಪಕ್ಕ ಕೂತು, ರುಮಾಲನ್ನು ಇಬ್ಬರ ಕೈಮೇಲೂ ಹಾಸುತ್ತಿದ್ದ. ಅವಳು ಅವನ ಒಂದು ಬೆರಳು ಹಿಡಿದರೆ, "ಚನ್ನಬಸವ್ವಾ, ರೇಣುಗ ಒಂದು ರೊಟ್ಟಿ," ಎಂದು ಅವ್ವನನ್ನು ಇಡೀ ಓಣಿಗೆ ಕೇಳುವ ಹಾಗೆ ಕೂಗುತ್ತಿದ್ದ. ಅವಳು ನಾಚಿ ಸಾಯುತ್ತಿದ್ದಳು. ರೊಟ್ಟಿ ಬರುತ್ತಿತ್ತು.

ಬಾಗಿಲ ಹೊರಗೆ ದೊಡ್ಡ ಚಪ್ಪಲಿಗಳಿದ್ದವು. ಅಪ್ಪ ಕೂಗುವ ಅಡತಿ ಅಂಗಡಿಯ ಮಾಲೀಕ ಪಂಢರಿನಾಥ ಶೇಟ ಬಂದು ಕೂತಿದ್ದ, ಅಕ್ಕಲಕೋಟದವನು, ಒಂದೇ ವಾಕ್ಯದಲ್ಲಿ ಎರಡೂ ಭಾಷೆ ನಡೆಸುವವನು. ಅವ್ವ ಉಪ್ಪಿಟ್ಟು ತಂದಿಡುತ್ತಿದ್ದಳು. ಮೂಲೆಯಲ್ಲಿ ನಾಳೆಯ ಚೀಲ ತುಂಬಿ ನಿಂತಿತ್ತು. ಫ್ಲಾಸ್ಕಿನ ಮುಚ್ಚಳ ಮೇಲೆ ಇಣುಕುತ್ತಿತ್ತು.

"ಬಾರವಾ ಡಾಕ್ಟರ್ ಬಾಯಿ," ಎಂದ ಪಂಢರಿನಾಥ. "ನಿಮ್ಮಪ್ಪ ದಸರಾಕ್ಕ ಮತ್ತ ಕೂಗ್ತೀನಿ ಅಂತ ಪೈಜಿ ಕಟ್ಯಾನ. ನಾ ಏನಂದೆ, ಅಲ್ಲಿತನಕ ನಿನ್ನ ಜಾಗಾಕ್ಕ ಯಾರನ್ನೂ ನಿಂದ್ರಸಂಗಿಲ್ಲ. ಖರೆ ಹೌದಲ್ಲ? ಬರ್ತದಲ್ಲ ದನಿ?"

ಅವಳ ಬಾಯಿ ಕಟ್ಟಿತು, ಹಳೆಯ ಹಾಗೆ. ಅಪ್ಪ ನಗುತ್ತಿದ್ದ, ಗಾಳಿ ಸೋರುವ ನಗು. "ನನಗ ಕೇಳು ಶೇಟ," ಎಂದ ಒಡಕು ದನಿಯಲ್ಲಿ, "ಆಕಿ ಪುಸ್ತಕದಾಗ... ಓದಿ..."

"ಓದ್ಯಾಳ ಅಂತ," ಎಂದು ಮುಗಿಸಿದಳು ಅವ್ವ.

"ತೋರ್ಸವಾ ಅದನ್ನ ಶೇಟಗ. ಮೊಬೈಲ್‌ದಾಗ ಬರ್ತದಲ್ಲ." ಅಪ್ಪನ ಕಣ್ಣು ಹೊಳೆಯುತ್ತಿತ್ತು. ಅವಳು ಮೊಬೈಲು ತೆಗೆದು ಕಾಲೇಜಿನ ಲಾಗಿನ್ ಹೆಸರು, ಪಾಸ್‌ವರ್ಡ್ ಹಾಕಿದಳು. ಬೆರಳು ತಪ್ಪಿ ಮತ್ತೆ ಹಾಕಿದಳು. ಅದೇ ಸಾಲು ಬಂತು, ಬಿಳಿ ಪರದೆಯ ನಡುವೆ. ಪುಸ್ತಕ ಬಳಕೆಯಲ್ಲಿದೆ. ಇಷ್ಟು ದಿನ ಇನ್ನೊಬ್ಬರಿಗೆ ಕಾಣುವ ಸಾಲಾಗಿತ್ತು ಅದು. "ಬ್ಯಾರೆ ಯಾರೋ ಓದ್ಲಿಕ್ಕತ್ತಾರಪ್ಪಾ. ಒಬ್ರು ಓದುಮುಂದ ಇನ್ನೊಬ್ರಿಗೆ ತಗಿಯಂಗಿಲ್ಲ."

"ಯಾರು?"

"ನರ್ಸಗೋಳು. ನಾಳೆ ಅವ್ರಿಗೆ ಪರೀಕ್ಷಾ ಅದ."

"ಓದ್ಲಿ ಬಿಡು," ಎಂದ ಅಪ್ಪ. "ಓದಿದ್ರ ನನಗಽ ಛಲೋ." ಪಂಢರಿನಾಥ ತೊಡೆ ತಟ್ಟಿಕೊಂಡು ನಕ್ಕ. ಉಪ್ಪಿಟ್ಟು ತಿಂದು, ಅಪ್ಪನ ಭುಜ ಅದುಮಿ, ಆ ಅದುಮಿದ ಕೈಯನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅಲ್ಲೇ ಇಟ್ಟು, ಹೋದ.

ಅಪ್ಪ ಅವನನ್ನು ಕಳಿಸಲು ಬಾಗಿಲ ಮುಂದಿನ ಗ್ಯಾಲರಿಗೆ ಬಂದವನು ಅಲ್ಲೇ ಕಟಕಟೆ ಹಿಡಿದು ನಿಂತ. ಕೆಳಗೆ ಟೆಂಪೊಗಳು ಯಾರ್ಡಿನ ಕಡೆ ಹೋಗುತ್ತಿದ್ದವು, ಉಳ್ಳಾಗಡ್ಡಿಯ ಕಟುವಾಸನೆ ಗಾಳಿಯಲ್ಲಿತ್ತು. ಇದೂ ಮಂಕಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಅವಳು ಪಕ್ಕಕ್ಕೆ ಬಂದು ನಿಂತಳು. ಹೇಳಬೇಕಾದ್ದನ್ನು ಪುಸ್ತಕದ ಭಾಷೆಯಿಂದ ಬಿಡಿಸಿಕೊಳ್ಳುವುದೇ ಆಗಲಿಲ್ಲ, ಬಿಡಿಸಿಕೊಂಡದ್ದು ಬರಿಯ ಎಲುಬಿನ ಹಾಗೆ ಬಂತು. "ದನಿ ಬರಂಗಿಲ್ಲಪ್ಪಾ. ಮಾತ ಬರಬಹುದು, ಅದು ನಿನ್ನ ದನಿ ಅಲ್ಲ. ಕೂಗ್ಲಿಕ್ಕ ಬರಂಗಿಲ್ಲ. ಅವತ್ತ ನಾ ಪೂರಾ ಓದಿದ್ದಿಲ್ಲ. ಮ್ಯಾಲಿಂದಷ್ಟ ಓದಿದ್ದೆ."

ಅಪ್ಪ ಟೆಂಪೊ ನೋಡುತ್ತಿದ್ದ. ಆಮೇಲೆ ಕೇಳಿದ, ಬೇರೆ ಯಾರದೋ ವಿಷಯ ಕೇಳುವ ಹಾಗೆ, "ನಗ್ಲಿಕ್ಕ?"

"ನಗಬಹುದು. ಸಪ್ಪಳ ಬರಂಗಿಲ್ಲ."

"ಹೂಂ," ಎಂದ. ಒಳಗೆ ಹೋದ. ಅವ್ವ ಬಡಿಸಿದ್ದನ್ನು ಉಂಡ, ಮಲಗಿದ, ಗೋಡೆ ಕಡೆ ಮುಖ ಮಾಡಿ. ರೇಣು ತನ್ನ ಡೈರಿ ತೆಗೆದು ತಾರೀಖು ಬರೆದಳು, ಅದರ ಕೆಳಗೆ ಏನೂ ಬರೆಯಲಾಗದೆ ಮುಚ್ಚಿದಳು.

ಬೆಳಿಗ್ಗೆ ಎಚ್ಚರಾದಾಗ ಅಪ್ಪನ ಹಾಸಿಗೆ ಮಡಿಸಿಟ್ಟಿತ್ತು, ಮೊಳೆಯ ಮೇಲಿನ ರುಮಾಲು ಇರಲಿಲ್ಲ. ಅವ್ವ ಗ್ಯಾಲರಿ, ಕಕ್ಕಸು, ಕೆಳಗಿನ ಅಂಗಳ ಎಲ್ಲ ನೋಡಿ ಬಂದು ಬಾಗಿಲಲ್ಲಿ ನಿಂತಿದ್ದಳು. ರೇಣುವಿನ ಮುಖ ನೋಡಿದ ಕೂಡಲೇ ಅವ್ವನಿಗೆ ತಿಳಿಯಿತು. "ಏನ್ ಹೇಳಿದಿ ಅವ್ರಿಗೆ? ರಾತ್ರಿ ಗ್ಯಾಲರ್‍ಯಾಗ ನಿಂತು ಏನ್ ಹೇಳಿದಿ?"

"ಖರೇದು ಹೇಳಿದೆ."

"ಯಾರ್ ಕೇಳಿದ್ರು ನಿನಗ ಖರೇದ?" ಅವ್ವ ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. ಮೂಲೆಯ ಚೀಲ ಎತ್ತಿ ಅವಳ ಕೈಗೆ ಕೊಟ್ಟಳು. "ಹೋಗು. ನೀ ಕಳಿಸಿದಿ, ನೀನಽ ಕರಕೊಂಡು ಬಾ. ಹತ್ತಕ್ಕ ಹಾಸಿಗಿ ಕೊಡ್ತಾರ ಅಲ್ಲಿ."

ಯಾರ್ಡಿನ ಗೇಟು ದಾಟುವ ಮುಂಚೆಯೇ ಅವಳಿಗೆ ಆ ದನಿ ಕೇಳಿಸಿತು, ಅಥವಾ ಕೇಳಿಸಿದಂತಾಯಿತು. ಉಳ್ಳಾಗಡ್ಡಿಯ ಶೆಡ್ಡಿನಲ್ಲಿ ರಾಶಿಗಳ ನಡುವೆ ಒಂದು ಗುಂಪು ನಿಧಾನ ಸರಿಯುತ್ತಿತ್ತು, ಒಂದು ರಾಶಿ ಮುಗಿದರೆ ಇನ್ನೊಂದಕ್ಕೆ. ಗುಂಪಿನ ಮಧ್ಯೆ, ಮಗುಚಿಟ್ಟ ಬುಟ್ಟಿಯ ಮೇಲೆ, ಅಪ್ಪ. ಕೂಗುತ್ತಿದ್ದ. ದರ ಏರುತ್ತಿದ್ದಂತೆ ದನಿ ಹರಿಯುತ್ತಿತ್ತು, ಹರಿದ ಜಾಗದಲ್ಲಿ ಬರಿಯ ಗಾಳಿ, ಮತ್ತೆ ಎಲ್ಲಿಂದಲೋ ಹೆಕ್ಕಿ ತಂದ ಹಾಗೆ ಒಂದು ಚೂರು ದನಿ. ಕೊಳ್ಳುವವರು ತಲೆ ತಗ್ಗಿಸಿದ್ದರು, ಸಾಮಾನ್ಯವಾಗಿ ಒಬ್ಬರ ಮೇಲೊಬ್ಬರು ಬಿದ್ದು ಕೂಗುವವರು ಇವತ್ತು ಅವನ ಚೂರುಗಳಿಗೆ ಜಾಗ ಬಿಟ್ಟು ಮೆಲ್ಲಗೆ ದರ ಹೇಳುತ್ತಿದ್ದರು. ಅಪ್ಪ ಅವಳನ್ನು ಕಂಡ. ಕಂಡು ನಿಲ್ಲಿಸಲಿಲ್ಲ. ಆ ರಾಶಿ ಮುಗಿಸಿ ಮುಂದಿನದಕ್ಕೆ ಹೋದ, ಅದನ್ನೂ ಮುಗಿಸಿ ಮತ್ತೊಂದಕ್ಕೆ. ಅವಳು ಚೀಲ ಹಿಡಿದು ಕಂಬದ ಬಳಿ ನಿಂತಳು. ಹತ್ತಕ್ಕೆ ಹಾಸಿಗೆ, ಇಲ್ಲದಿದ್ದರೆ ಬೇರೆಯವರಿಗೆ. ಹೋಗಿ ಅವನ ತೋಳು ಹಿಡಿದು ಎಳೆಯಬೇಕೆನಿಸಿತು. ಕಾಯಿರಿ ಎಂದಿತ್ತು ನೀಲಿ ಚೌಕ. ಅವಳು ಕಾದಳು. ಪಂಢರಿನಾಥ ದೂರದಲ್ಲಿ ತಕ್ಕಡಿಯ ಪಕ್ಕ ನಿಂತು ಬೇರೆ ಕಡೆ ನೋಡುತ್ತಿದ್ದ.

ಒಂದು ರಾಶಿಯ ನಡುವೆ ದನಿ ಪೂರ್ತಿ ನಿಂತುಹೋಯಿತು. ಬಾಯಿ ಆಡುತ್ತಿತ್ತು. ಅಪ್ಪ ಬುಟ್ಟಿಯಿಂದ ಇಳಿದ, ಯಾರ ಕಡೆಗೂ ನೋಡದೆ ಗುಂಪು ದಾಟಿ ಅವಳ ಬಳಿಗೆ ಬಂದ. ಬೆವರು ಒರೆಸಿಕೊಂಡ. ಅವನು ಮಾತಾಡಿದ್ದು ಉಸಿರಲ್ಲಿ, ಹತ್ತಿರ ಬಾಗದಿದ್ದರೆ ಕೇಳಿಸುತ್ತಿರಲಿಲ್ಲ. "ಕೊಯ್ಯಿಸಿಕೊಂಡ್ರ ಎಷ್ಟ ವರ್ಷ? ಅದನ್ನೂ ಓದಿರಬೇಕಲ್ಲ." ಆಮೇಲೆ ರುಮಾಲನ್ನು ಬಲಗೈ ಮೇಲೆ ಹಾಸಿ ಅವಳ ಮುಂದೆ ಚಾಚಿದ. ಸುತ್ತ ಜನ ಇದ್ದರು, ಅದಕ್ಕಿರಬಹುದು. ಅಥವಾ ಅವಳಿಗೆ ಬಾಯಿಬಿಟ್ಟು ಹೇಳಲಾಗದು ಎಂದು.

ಅವಳು ಚೀಲವನ್ನು ಕೆಳಗಿಟ್ಟು ರುಮಾಲಿನ ಕೆಳಗೆ ಕೈ ತೂರಿಸಿದಳು. ಒಳಗೆ ಬೆಚ್ಚಗಿತ್ತು, ಅಪ್ಪನ ಬೆರಳುಗಳಿಗೆ ಉಳ್ಳಾಗಡ್ಡಿಯ ಸಿಪ್ಪೆ ಅಂಟಿತ್ತು. ಒಂದು ಬೆರಳು ಹಿಡಿಯಬಹುದಿತ್ತು, ಎರಡು, ಎಲ್ಲ ಹಿಡಿಯಬಹುದಿತ್ತು, ಹಿಡಿದದ್ದನ್ನು ಅವನು ನಂಬುತ್ತಿದ್ದ, ಚಹಾದ ಗಾಡಿಯ ಹತ್ತಿರ ನಂಬಿದ ಹಾಗೆ. ಕೋಷ್ಟಕದ ಮೇಲಂಚು ಕಂಡಿತು, ಅದರ ಕೆಳಗೆ ಬಿಳಿ. ಅವಳ ಕೈ ಅವನ ಕೈಯೊಳಗೆ ಸುಮ್ಮನೆ ಇತ್ತು.

"ಆ ಪುಟ ಓದಿಲ್ಲಪ್ಪಾ," ಎಂದಳು. "ಅಷ್ಟರಾಗ ಮುಚ್ಚಿಸಿದ್ರು. ಗೊತ್ತಿಲ್ಲ ನನಗ."

ಅಪ್ಪ ಅವಳ ಮುಖ ನೋಡಿದ. ರುಮಾಲಿನ ಕೆಳಗೆ ಅವನ ಕೈ ಅಲುಗಾಡಿತು. ಅವಳ ಬೆರಳುಗಳನ್ನು ಅವನೇ ಒಂದೊಂದಾಗಿ ಹಿಡಿಯುತ್ತ ಹೋದ, ತೋರುಬೆರಳು, ನಡುಬೆರಳು, ಉಂಗುರದ್ದು, ಕಿರುಬೆರಳು; ಸ್ವಲ್ಪ ತಡೆದು ಹೆಬ್ಬೆರಳನ್ನೂ ಸೇರಿಸಿ ಇಡೀ ಮುಷ್ಟಿಯನ್ನು ಗಟ್ಟಿಯಾಗಿ ಅದುಮಿದ.

"ಇಷ್ಟ ವರ್ಷ ಬಂದ್ರ ದನಿ ಕೊಡ್ತೀನಿ," ಎಂದ ಉಸಿರಲ್ಲಿ. "ಇದಕ್ಕ ಕಡಿಮಿ ಇಲ್ಲ."

ಯಾರ ಜೊತೆಗೆ ಆ ವ್ಯಾಪಾರ ಎಂದು ಅವಳಿಗೆ ತಿಳಿಯಲಿಲ್ಲ. ಆ ದರಕ್ಕೆ ಪುಸ್ತಕ ಒಪ್ಪುತ್ತದೋ ಇಲ್ಲವೋ ಅದೂ ತಿಳಿಯದು. ಅಪ್ಪ ರುಮಾಲು ಜಾಡಿಸಿ ಹೆಗಲಿಗೆ ಹಾಕಿಕೊಂಡ, ಬಗ್ಗಿ ಚೀಲವನ್ನು ತಾನೇ ಎತ್ತಿಕೊಂಡು ಗೇಟಿನ ಕಡೆ ನಡೆದ. ಅವಳು ಹಿಂದೆ ನಡೆದಳು. ಹಿಂದೆ ಬುಟ್ಟಿಯ ಮೇಲೆ ಬೇರೆ ಯಾರೋ ಹತ್ತಿ ಕೂಗತೊಡಗಿದ್ದರು, ಎಳೆಯ ಗಟ್ಟಿ ದನಿ, ಒಂದು ಬಿರುಕಿಲ್ಲ. ತಕ್ಕಡಿಯ ಹತ್ತಿರ ಪಂಢರಿನಾಥ ಕೈಯೆತ್ತಿದ. "ಶಿವಪ್ಪಾ, ದಸರಾಕ್ಕ ಬರ್ತಿ ಅಲಾ?"

ಅಪ್ಪ ನಿಂತು ತಿರುಗಿದ. ಬಾಯಿ ತೆರೆದ. ಅಲ್ಲಿ ಉಳಿದದ್ದು ಗಾಳಿ ಮಾತ್ರ. ಅದು ಈ ಗದ್ದಲದಲ್ಲಿ ನಾಲ್ಕು ಹೆಜ್ಜೆಯಾಚೆಗೂ ಹೋಗುತ್ತಿರಲಿಲ್ಲ. ರೇಣುವಿನ ನಾಲಗೆಯ ತುದಿಗೆ ಉತ್ತರ ಬಂದಾಗಿತ್ತು, ಬರ್ತಾನ್ರಿ ಕಾಕಾ, ಎಂದು. ತುಟಿ ಬಿಗಿದು ಅದನ್ನು ಒಳಗೇ ಹಿಡಿದಳು. ಪಂಢರಿನಾಥ ಕೈಯನ್ನು ಇನ್ನೂ ಇಳಿಸಿರಲಿಲ್ಲ. ಅಪ್ಪನ ತುಟಿಗಳು ಆಡುತ್ತಿದ್ದವು, ಅವಳಿಗೂ ಕೇಳಿಸದ ಹಾಗೆ, ಬಹಳ ನಿಧಾನ. ಅವನು ಹೇಳಿ ಮುಗಿಸುವವರೆಗೆ ಅವಳು ಪಕ್ಕದಲ್ಲಿ ನಿಂತಿದ್ದಳು.